ಕೆಂಪುಮರದ ಹಾಸಿಗೆ

ಲಿಯಾಂಡರ್ ಮಕ್ವಾರಿ ಕೆಡವಿದ ಮರ ಒಡೆಯಿತೆಂಬ ಸುದ್ದಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನನ್ನ ಗರಗಸದ ಕೊಟ್ಟಿಗೆಗೆ ಬಂತು. ತಂದವರು ಯಾರೆಂದು ಈಗ ಖಚಿತವಾಗಿ ಹೇಳಲಾರೆ. ಕೇಳಿದವರೆಲ್ಲ ಮೊದಲು "ಯಾವ ಲಿಯಾಂಡರ್?" ಅಂದದ್ದು ಮಾತ್ರ ನೆನಪಿದೆ. ಇಡೀ ಕ್ಯಾಂಪಿನಲ್ಲಿ ಆ ಹೆಸರಿನವನು ಇದ್ದದ್ದು ಒಬ್ಬನೇ.

ಕೆಂಪುಮರ ನಿಂತಿದ್ದಾಗ ಬೆಂಕಿ, ಹುಳು, ಗಾಳಿ ಯಾವುದಕ್ಕೂ ಜಗ್ಗುವುದಿಲ್ಲ. ಬೀಳುವಾಗ ಮಾತ್ರ ಮಣ್ಣಿನ ಮಡಕೆ. ನೆಲದಲ್ಲಿ ಒಂದು ದಿಬ್ಬವೋ ಬಂಡೆಯೋ ಸಿಕ್ಕಿದರೆ ಸಾಕು, ತನ್ನ ಭಾರಕ್ಕೆ ತಾನೇ ಸೀಳಿಹೋಗುತ್ತದೆ. ಆಮೇಲೆ ಅದರಿಂದ ಹಲಗೆ ಹುಟ್ಟುವುದಿಲ್ಲ, ಬೇಲಿಗೂಟ ಹುಟ್ಟುತ್ತದೆ. ಆದ್ದರಿಂದ ನಮ್ಮ ಹಂಬೋಲ್ಟ್ ಕಾಡುಗಳಲ್ಲಿ ಮರಕ್ಕೆ ಕೊಡಲಿ ಮುಟ್ಟಿಸುವ ಮೊದಲು ಅದು ಬೀಳುವ ಜಾಗದಲ್ಲಿ ಹಾಸಿಗೆ ಹಾಸುತ್ತಾರೆ. ತಗ್ಗಿಗೆ ಮಣ್ಣು ತುಂಬಿ, ಸಣ್ಣ ಮರಗಳನ್ನು ಅಡ್ಡ ಹಾಕಿ, ಮೇಲೆ ಸೊಪ್ಪು, ಕೊಂಬೆ, ತೊಗಟೆ ಹರಡುತ್ತಾರೆ. ಮರ ಕಡಿಯುವುದಕ್ಕಿಂತ ಹಾಸುವುದಕ್ಕೇ ಹೆಚ್ಚು ದಿನ ಹಿಡಿಯುವುದುಂಟು.

ಮರ ಎಲ್ಲಿ ಮಲಗಬೇಕೆಂದು ಹೇಳುವವನು ಕಡಿಯುವ ಜೋಡಿಯ ಹಿರಿಯಾಳು. ಅವನು ನೆಲ ನೋಡಿ ಒಂದು ಗೂಟ ನೆಡುತ್ತಾನೆ. ಆ ಗೂಟದ ನೇರಕ್ಕೆ ಹಾಸಿಗೆ. ಮರ ಬೀಳಬೇಕಾದ ಕಡೆಯಿಂದ ಬುಡಕ್ಕೆ ತೆರೆದ ಬಾಯಿಯಂಥ ಕಚ್ಚು ಕೊರೆಯುತ್ತಾರೆ; ಅದನ್ನೇ ಬಾಯಿ ಅನ್ನುವುದು. ಬಾಯಿ ಕೊರೆದಮೇಲೆ ಹಿರಿಯಾಳು ಗುರಿಕೋಲನ್ನು ತೆಗೆಯುತ್ತಾನೆ. ಅದು ತುದಿಯಲ್ಲಿ ಕೀಲು ಹಾಕಿ ಸೇರಿಸಿದ ಎರಡು ಉದ್ದ ಪಟ್ಟಿಗಳು. ಅದರ ಎರಡು ಕಾಲುಗಳನ್ನು ಬಾಯಿಯ ಎರಡು ಮೂಲೆಗಳಿಗೆ ಒತ್ತಿ ಹಿಡಿದರೆ ಕೀಲಿನ ಮೂತಿ ಮರ ಬೀಳುವ ದಿಕ್ಕನ್ನು ತೋರಿಸುತ್ತದೆ. ಮೂತಿ ಗೂಟದ ಮೇಲೆ ಕೂರುವವರೆಗೆ ಬಾಯಿಯನ್ನು ಕೆತ್ತಿ ತಿದ್ದುತ್ತಾರೆ. ಕೋಲಿನ ಮೇಲೆ ಕಣ್ಣಿಡುವವನು ಹಿರಿಯಾಳು ಮಾತ್ರ. ಗರಗಸದ ಇನ್ನೊಂದು ತುದಿ ಹಿಡಿಯುವ ಜೊತೆಯಾಳು ಆ ಹೊತ್ತಿಗೆ ಬೇರೆ ಕಡೆ ತಿರುಗಿ ನಶ್ಯ ತುಂಬಿಕೊಳ್ಳುತ್ತಾನೆ. ಇಣುಕಿ ನೋಡುವುದೆಂದರೆ ಇನ್ನೊಬ್ಬನ ಹೆಂಡತಿಗೆ ಬಂದ ಕಾಗದ ಓದಿದ ಹಾಗೆ.

ಲಿಯಾಂಡರ್ ನೋವಾ ಸ್ಕೋಷಿಯಾದವನು, ಅರವತ್ತು ದಾಟಿದವನು. ಎತ್ತಿನ ಜೋಡಿಗಳು ದಿಮ್ಮಿ ಎಳೆಯುತ್ತಿದ್ದ ಕಾಲದಿಂದ ಈ ಕಣಿವೆಯಲ್ಲಿ ಹಿರಿಯಾಳಾಗಿದ್ದ. ಎತ್ತು ಹೋಗಿ ಉಗಿಯ ಯಂತ್ರ ಬಂದಮೇಲೂ ಅವನ ಕೋಲು ಅವನದೇ ಆಗಿತ್ತು. ಆ ವಸಂತದಲ್ಲಿ ಅವನ ಎರಡು ಮರಗಳು ಗೂಟ ಬಿಟ್ಟು ಹಳ್ಳದ ಕಡೆಗೆ ಬಿದ್ದಿದ್ದವು. ಅಲ್ಲಿ ನೆಲ ಮೆತ್ತಗಿದ್ದದ್ದರಿಂದ ಯಾರೂ ಏನೂ ಅನ್ನಲಿಲ್ಲ. ಮೂರನೆಯದೂ ಹಳ್ಳದ ಕಡೆಗೇ ಬಿತ್ತು. ಅಲ್ಲಿ ಹಳೆಯ ಬುಡವೊಂದಿತ್ತು.

ಕಾಡಿನ ಮೇಲ್ವಿಚಾರಕ ಹ್ಯಾಸ್ಕೆಲ್ ಆ ದಿನ ಕುದುರೆ ಹತ್ತಿ ಬಂದ. ಸ್ಯಾನ್ ಫ್ರಾನ್ಸಿಸ್ಕೋ ಸುಟ್ಟುಹೋದ ಮರುವರ್ಷ ಅದು. ಎಷ್ಟು ಹಲಗೆ ಕೊಟ್ಟರೂ ಆ ಊರಿಗೆ ಸಾಲುತ್ತಿರಲಿಲ್ಲ. ಗಿರಣಿಯವರು ದಿನಾ ಹ್ಯಾಸ್ಕೆಲ್‌ನ ಪ್ರಾಣ ಹಿಂಡುತ್ತಿದ್ದರು. ಅವನು ಕುದುರೆಯಿಂದ ಇಳಿಯದೆಯೇ ಹೇಳಿದ:

"ಲಿಯಾಂಡರ್, ನಿನ್ನ ಮೇಲೆ ನಂಗೆ ಗೌರವ ಇದೆ. ಇನ್ನೊಂದು ಒಡೀತು ಅಂದ್ರೆ ಆ ಗೌರವ ಇಟ್ಕೊಂಡೇ ನಿನ್ನ ತೊಗಟೆ ಸುಲಿಯೋಕೆ ಕಳಿಸ್ತೀನಿ."

ತೊಗಟೆ ಸುಲಿಯುವುದು ಮೊನ್ನೆ ಹಡಗಿಳಿದವರ ಕೆಲಸ. ಲಿಯಾಂಡರ್ ಟೋಪಿ ಸರಿಮಾಡಿಕೊಂಡು "ಆಯ್ತು" ಅಂದ, ಅಷ್ಟೇ. ಆದರೆ ಅವನು ಆ ಕೆಲಸಕ್ಕೆ ಹೋಗುವವನಲ್ಲ, ಗಂಟು ಕಟ್ಟಿಕೊಂಡು ಹೊರಟುಬಿಡುವವನು ಎಂದು ನಮಗೆಲ್ಲ ಗೊತ್ತಿತ್ತು. ಹೋಗಲು ಅವನಿಗೆ ಬೇರೆ ಜಾಗ ಇರಲಿಲ್ಲ.

ಮಾರನೆಯ ದಿನ ಅವನು ಕೊಡಲಿ ಮಸೆಯಲು ನನ್ನ ಕೊಟ್ಟಿಗೆಗೆ ಬಂದ. ಗರಗಸದ ಹಲ್ಲು ಸರಿಪಡಿಸುವವನು ನಾನು. ಕ್ಯಾಂಪಿನವರೆಲ್ಲ ತಮಾಷೆಗೆ ನನ್ನನ್ನು ಡಾಕ್ಟರು ಅನ್ನುತ್ತಿದ್ದರು. ಮೊದಲೆಲ್ಲ ಅವನು ಮಸೆದ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆ ದಿನ ಹೆಬ್ಬೆರಳಿನಿಂದ ಸವರಿ ನೋಡಿದ. ಬಲಗಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು.

"ಏನು ಡಾಕ್ಟ್ರೇ, ಮುಖ ನೋಡ್ತಿದ್ದೀಯ? ನನ್ನ ಮೂಗಿಗೂ ಹಲ್ಲು ಕೊಯ್ಬೇಕಾ?" ಅಂದ.

"ಇಲ್ಲ ಯಜಮಾನ್ರೇ, ಹಾಗೇ."

"ಹಾಗೇ ನೋಡೋದಾದ್ರೆ ಊರಲ್ಲಿ ಚೆಂದದವರು ಬೇಕಾದಷ್ಟು ಜನ ಇದ್ದಾರೆ."

ಕೇಳಬೇಕಾಗಿತ್ತೇನೋ. ಆದರೆ ಹಿರಿಯಾಳಿನ ಕಣ್ಣಿನ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ಅದು ನಾನು ಮಾಡಿದ ಪದ್ಧತಿಯಲ್ಲ. ಅದನ್ನು ಮುರಿಯುವ ಹಕ್ಕು ನನಗಿದೆಯೇ ಎಂಬುದೂ ಗೊತ್ತಿರಲಿಲ್ಲ.

ಮುಂದಿನ ಮರ ಇಳಿಜಾರಿನಲ್ಲಿತ್ತು. ಒಂದು ಕಡೆ ಹಳ್ಳ, ಇನ್ನೊಂದು ಕಡೆ ದಿಣ್ಣೆ. ಲಿಯಾಂಡರ್ ಗೂಟ ನೆಟ್ಟದ್ದು ನಡುವೆ, ಸರಿಯಾದ ಜಾಗದಲ್ಲೇ. ಗೂಟದ ದಿಣ್ಣೆಯ ಕಡೆ ಎಮ್ಮೆಯ ಬೆನ್ನಿನಂಥ ಒಂದು ಬಂಡೆ ಇತ್ತು. ಅದನ್ನು ಮಣ್ಣಿನಿಂದ ಮುಚ್ಚಬೇಕಿತ್ತು. ಆ ಕೆಲಸ ಬೆಂತೊ ಫುರ್ಟಾಡೊನದು. ಅವನು ಅಜೋರ್ಸ್ ದ್ವೀಪದವನು, ಹಾಸಿಗೆ ಹಾಸುವ ಗುಂಪಿನ ಮೇಸ್ತ್ರಿ. ಅವನ ಗುಂಪು ಹಳ್ಳದ ಆಚೆಯ ಗುಡಿಸಲುಗಳಲ್ಲಿ ತಾವೇ ಅಡುಗೆ ಮಾಡಿಕೊಂಡು ಇರುತ್ತಿತ್ತು. ಕಡಿಯುವವರು ಈಚೆಯ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು. ಎರಡು ಗುಂಪಿನವರೂ ಕೂಡಿ ಮಾತಾಡುತ್ತಿದ್ದದ್ದು ಮರ ಬೀಳುವ ದಿನ ಮಾತ್ರ, ಅದೂ ಕೂಗಿಕೊಂಡು.

ಹಾಸಿಗೆ ಮುಗಿದು ಬಾಯಿ ಕೊರೆಯುತ್ತಿದ್ದಾಗ ಒಂದು ಸಂಜೆ ಅರ್ವಿಡ್ ಗರಗಸ ಹೊತ್ತುಕೊಂಡು ಬಂದ. ಲಿಯಾಂಡರ್‌ನ ಜೊತೆಯಾಳು ಅವನು, ಸ್ವೀಡನ್ನಿನವನು, ಮೂವತ್ತರ ಆಸುಪಾಸು. ಒಳಗೆ ಬಂದವನು ಬಾಗಿಲು ಹಾಕಿಕೊಂಡ.

"ಡಾಕ್ಟ್ರೇ, ಒಂದು ಮಾತು. ನೀನು ಯಾರಿಗೂ ಹೇಳಬಾರದು."

"ಹೇಳೋ ಮೊದಲೇ ಆಣೆ ಹಾಕ್ಬೇಡಪ್ಪ. ನಂಗೆ ಅದು ಜೀರ್ಣ ಆಗಲ್ಲ."

"ಇವತ್ತು ನಾನು ಕೋಲಿನ ಮೇಲೆ ಕಣ್ಣಿಟ್ಟೆ."

ನಾನು ಅರವನ್ನು ಕೆಳಗಿಟ್ಟೆ.

"ಬಯ್ಬೇಡ. ಅವನು ನೀರು ಕುಡಿಯೋಕೆ ಇಳಿದಿದ್ದ. ಮೂತಿ ಗೂಟದ ಮೇಲೆ ಇಲ್ಲ, ಹಳ್ಳದ ಕಡೆಗಿದೆ. ಆ ಮೂರು ಮರಾನೂ ಹೀಗೇ ಆಗಿರೋದು. ಬಲಗಣ್ಣು ಹೋಗಿದೆ, ಎಡಗಣ್ಣಲ್ಲಿ ನೋಡ್ತಾನೆ. ಆದ್ರೆ ಮೈ ನಿಲ್ಲಿಸೋದು ಮಾತ್ರ ಹಳೇ ಥರಾನೇ. ಅವನ ಪಾಲಿಗೆ ಗೂಟ ನೆಟ್ಟಗೇ ಕಾಣ್ಸುತ್ತೆ."

"ಹೇಳ್ಬಿಡು ಅವನಿಗೆ."

"ನೀನು ಹೇಳ್ತೀಯಾ?"

ನಾನು ಅರವನ್ನು ಮತ್ತೆ ಕೈಗೆತ್ತಿಕೊಂಡೆ. ಅರ್ವಿಡ್ ನಕ್ಕ. "ನೋಡಿದ್ಯಾ? ಅದಕ್ಕೇ ನಾನೊಂದು ಉಪಾಯ ಮಾಡಿದ್ದೀನಿ. ಬಾಯಿಯ ಬೆನ್ನ ಕಡೆಯಿಂದ ಹಿಂದಿನ ಕೊಯ್ತ ಕೊಯ್ಯುವಾಗ ಗರಗಸದ ದಿಣ್ಣೆ ಕಡೆ ತುದಿ ನನ್ನ ಕೈಲಿರುತ್ತೆ. ಆ ಮೂಲೇಲಿ ಪೂರ್ತಿ ಕೊಯ್ಯದೆ ಮರ ದಪ್ಪಗೆ ಬಿಡ್ತೀನಿ. ದಪ್ಪ ಇರೋ ಕಡೆಗೆ ಮರ ಎಳ್ಕೊಳ್ಳುತ್ತೆ, ವಾಪಸ್ ಗೂಟದ ಮೇಲೆ ಬಂದು ಮಲಗುತ್ತೆ. ಹ್ಯಾಸ್ಕೆಲ್‌ಗೂ ಗೊತ್ತಾಗಲ್ಲ, ಮುದುಕನಿಗೂ ಗೊತ್ತಾಗಲ್ಲ."

"ಎಷ್ಟು ದಪ್ಪ ಬಿಟ್ರೆ ಎಷ್ಟು ಎಳೆಯುತ್ತೆ ಅಂತ ಗೊತ್ತಾ ನಿಂಗೆ?"

"ಸುಮಾರಾಗಿ ಗೊತ್ತು."

ಅವನು ಗರಗಸ ಬಿಟ್ಟು ಹೋದ. ನಾನು ಹಲ್ಲುಗಳಿಗೆ ಅರ ಹಾಕುತ್ತ, ಇದು ಒಳ್ಳೆಯ ಕೆಲಸವೋ ಮೋಸವೋ ಎಂದು ಯೋಚಿಸುತ್ತ ಕೂತೆ.

ಮರ ಬೀಳುವ ದಿನ ಬೆಳಿಗ್ಗೆ ಮಂಜು ಕರಗಿದ ಕೂಡಲೆ ಹಿಂದಿನ ಕೊಯ್ತ ಶುರುವಾಯಿತು. ಊಟದ ನಂತರ ಇನ್ನೊಂದು ಹರಿತವಾದ ಗರಗಸ ಬೇಕೆಂದು ಹೇಳಿಕಳಿಸಿದರು. ಹೊತ್ತುಕೊಂಡು ನಾನೇ ಹೋದೆ. ಬುಡದ ಸುತ್ತ ಎರಡಾಳೆತ್ತರಕ್ಕೆ ಅಟ್ಟ ಕಟ್ಟಿದ್ದರು. ಮೇಲೆ ಲಿಯಾಂಡರ್ ಹಳ್ಳದ ಕಡೆ, ಅರ್ವಿಡ್ ದಿಣ್ಣೆಯ ಕಡೆ. ಗರಗಸ ಇಬ್ಬರ ನಡುವೆ ನಿಧಾನಕ್ಕೆ ಹೋಗಿ ಬರುತ್ತಿತ್ತು. ಕೊಯ್ತದೊಳಗೆ ಆಗಲೇ ಬೆಣೆಗಳನ್ನು ಹೊಡೆದಿದ್ದರು.

ಬೆಂತೊ ಕೆಳಗೆ ಒಂದು ದಿಮ್ಮಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ನನ್ನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಬಾ ಡಾಕ್ಟ್ರೇ. ಇವತ್ತು ಯಾಕೆ ಮುಖದ ಮೇಲೆ ರಕ್ತಾನೇ ಇಲ್ಲ? ಹೆದರ್ಬೇಡ, ಇವತ್ತು ಮರ ಒಡೆಯಲ್ಲ." ಅವನು ದನಿ ತಗ್ಗಿಸಿದ. "ನಾನು ನೋಡ್ಕೊಂಡಿದ್ದೀನಿ."

"ಏನು ನೋಡ್ಕೊಂಡಿದ್ದೀಯ?"

"ಮುದುಕನ ಮರ ಯಾವಾಗ್ಲೂ ಹಳ್ಳದ ಕಡೆಗೇ ತಾನೇ ಬೀಳೋದು? ನಂಗೇನು ಕಣ್ಣಿಲ್ವಾ? ಹಾಸಿಗೇನೇ ಹಳ್ಳದ ಕಡೆಗೆ ಸರಿಸ್ಬಿಟ್ಟೆ. ಗೂಟ ಮುಟ್ಟಿಲ್ಲ, ಅದು ಅವನ ಮರ್ಯಾದೆ. ಮೇಲೆ ಸೊಪ್ಪು ಎರಡೂ ಕಡೆ ಒಂದೇ ಥರ ಹರಡಿದ್ದೀನಿ, ಯಾರಿಗೂ ಕಾಣಲ್ಲ. ಮಣ್ಣು ಸಾಲ್ಲಿಲ್ಲ ಅಂತ ಆ ಬಂಡೆ ಮೇಲಿದ್ದದ್ದನ್ನೇ ಎಳೆದು ಈ ಕಡೆ ಹಾಕ್ದೆ."

"ಬಂಡೆ ಮೇಲೆ ಈಗ ಏನಿದೆ?"

"ಸೊಪ್ಪು." ಅವನು ರೊಟ್ಟಿ ಮುರಿದ. "ಆ ಕಡೆಗೆ ಎಲ್ಲಿ ಬೀಳುತ್ತೆ ಬಿಡು."

ಬೆಂತೊ ಒಬ್ಬನೇ ಮಾಡಿದ್ದರೆ ಸರಿಹೋಗುತ್ತಿತ್ತು. ಅರ್ವಿಡ್ ಒಬ್ಬನೇ ಮಾಡಿದ್ದರೂ ಸರಿಹೋಗುತ್ತಿತ್ತು. ಇಬ್ಬರೂ ಮಾಡಿದ್ದರಿಂದ ಈಗ ಮರ ಗೂಟದ ಮೇಲೆ ಬರುತ್ತದೆ, ಅರ್ಧ ಮೈ ಬರಿಯ ಬಂಡೆಯ ಮೇಲೆ. ನಾನು ತಪ್ಪು ತಿಳಿದಿರಬಹುದೆಂದು ಇನ್ನೊಮ್ಮೆ ಮನಸ್ಸಿನಲ್ಲೇ ಕೈಯಾಡಿಸಿ ನೋಡಿದೆ. ಹಳ್ಳ ಈ ಕಡೆ, ದಿಣ್ಣೆ ಆ ಕಡೆ. ತಪ್ಪಿರಲಿಲ್ಲ.

ಗರಗಸ ಓಡುವಾಗ ಅಟ್ಟ ಹತ್ತುವುದು ನನ್ನಂಥವನ ಕೆಲಸವಲ್ಲ. ಆದರೂ ಹತ್ತಿದೆ. ಅರ್ವಿಡ್‌ನ ಕಿವಿಯ ಹತ್ತಿರ ಬಾಗಿ ಬೆಂತೊ ಹೇಳಿದ್ದನ್ನು ಹೇಳಿದೆ. ಅವನ ಕೈ ನಿಂತಿತು. ಗರಗಸವೂ ನಿಂತಿತು.

ಆಚೆಯಿಂದ ಲಿಯಾಂಡರ್ ಕೂಗಿದ: "ಏನಯ್ಯಾ, ತೋಳು ಕಳಚ್ಬಿತ್ತಾ? ಮಧ್ಯಾಹ್ನದ ಗಾಳಿ ಏಳೋ ಹೊತ್ತು. ಎಳೀ!"

ಅರ್ವಿಡ್ ಎಳೆಯಲಿಲ್ಲ.

"ಅಲ್ಲಿ ಯಾರು ಪಿಸಪಿಸ ಅಂತಿರೋದು? ಡಾಕ್ಟ್ರಾ? ಅಲ್ಲೇನು ಹೆರಿಗೆ ಮಾಡಿಸ್ತಿದ್ದೀಯ?"

ಅರ್ವಿಡ್ ಗರಗಸದ ಹಿಡಿ ಬಿಟ್ಟು ಬುಡ ಸುತ್ತಿ ಅವನ ಬಳಿಗೆ ಹೋದ. ಹಿಂದೆ ನಾನು. ಲಿಯಾಂಡರ್ ಬೆವರು ಒರೆಸಿಕೊಳ್ಳುತ್ತಿದ್ದ.

"ಯಜಮಾನ್ರೇ," ಅಂದ ಅರ್ವಿಡ್, "ನಿಮ್ಮ ಕೋಲು ಹಳ್ಳದ ಕಡೆಗೆ ನೋಡ್ತಿದೆ."

"ನನ್ನ ಕೋಲು ಯಾವ ಕಡೆ ನೋಡುತ್ತೆ ಅಂತ ನಿಂಗೆ ಹೇಗೆ ಗೊತ್ತು?"

"ನಾನು ನೋಡ್ದೆ."

ಲಿಯಾಂಡರ್ ಕೈ ಎತ್ತಿದ. ಹೊಡೆದೇಬಿಡುತ್ತಾನೆ ಅಂದುಕೊಂಡೆ. ಅರ್ವಿಡ್ ಸರಿಯದೆ ನಿಂತು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ: ಕಣ್ಣು, ಮೂರು ಮರ, ದಪ್ಪ ಬಿಟ್ಟ ಮೂಲೆ, ಬೆಂತೊ ಸರಿಸಿದ ಹಾಸಿಗೆ. ಎತ್ತಿದ ಕೈ ಹಾಗೇ ಇಳಿಯಿತು. ಲಿಯಾಂಡರ್ ಅಟ್ಟದ ಹಲಗೆಯ ಮೇಲೆ ಕೂತುಬಿಟ್ಟ. ತಲೆಯ ಮೇಲೆ ಮರ ಸಣ್ಣಗೆ ಮುಲುಗಿತು.

"ನೀವೆಲ್ಲ ಸೇರ್ಕೊಂಡು," ಅಂದ ಅವನು ಕೊನೆಗೆ, "ನನ್ನ ತೊಟ್ಟಿಲಲ್ಲಿ ಹಾಕಿ ತೂಗ್ತಿದ್ರಾ?"

ಬೆಂತೊ ಕೆಳಗಿನಿಂದ ಅಟ್ಟದ ಏಣಿಯನ್ನು ಅರ್ಧ ಹತ್ತಿ ಬಂದಿದ್ದ. "ಸೇರ್ಕೊಂಡಿರಲಿಲ್ಲ ಯಜಮಾನ್ರೇ. ಸೇರ್ಕೊಂಡಿದ್ರೆ ಈ ಫಜೀತಿ ಆಗ್ತಿರಲಿಲ್ಲ."

ಮೇಲೆಲ್ಲೋ ಎಲೆಗಳಲ್ಲಿ ಗಾಳಿಯ ಮೊದಲ ಸದ್ದು ಕೇಳಿತು. ಅರ್ಧ ಕೊಯ್ದ ಮರವನ್ನು ಸಮುದ್ರದ ಗಾಳಿಗೆ ಬಿಟ್ಟು ಕೂರುವ ಹಾಗಿರಲಿಲ್ಲ. ಲಿಯಾಂಡರ್‌ಗೆ ಅದನ್ನು ನೆನಪಿಸಬೇಕಾಗಲಿಲ್ಲ. ಅವನು ಎದ್ದು, ಪಕ್ಕದಲ್ಲಿದ್ದ ಗುರಿಕೋಲನ್ನು ತೆಗೆದು ಅರ್ವಿಡ್‌ನ ಎದೆಗೆ ಒತ್ತಿದ.

"ಹೋಗು. ಬಾಯಿಗಿಟ್ಟು ನೋಡು. ಕದ್ದು ನೋಡೋಕೆ ಬಂತಲ್ಲ, ಈಗ ನೆಟ್ಟಗೆ ನೋಡು."

ಮರದ ಮುಂಭಾಗಕ್ಕೆ ಹೋಗುವುದೆಂದರೆ ಅದು ಬೀಳುವ ದಾರಿಯಲ್ಲಿ ನಿಲ್ಲುವುದು. ಅರ್ವಿಡ್ ಹೋದ. ಕೋಲಿಟ್ಟು ಕಣ್ಣು ಕಿರಿದು ಮಾಡಿದ.

"ಏನು ಕಾಣುತ್ತೆ?"

"ಗೂಟದಿಂದ ಹಳ್ಳದ ಕಡೆಗಿದೆ."

"ಅದು ಹೇಳಿದ್ಯಲ್ಲ. ಎಷ್ಟು?"

"ಒಂದು ಜೋಡಿ ಎತ್ತು ಪಕ್ಕಪಕ್ಕ ನಿಂತಷ್ಟು."

"ಬೆಂತೊ! ನೀನೆಷ್ಟು ಸರಿಸ್ದೆ?"

"ಒಂದು ಎತ್ತಿನಷ್ಟು, ಯಜಮಾನ್ರೇ. ಅಷ್ಟೊಂದು ಕೆಟ್ಟಿದೆ ಅಂತ ನಂಗೆ..." ಬೆಂತೊ ಮಾತು ನುಂಗಿಕೊಂಡ.

ಲಿಯಾಂಡರ್ ಅರ್ವಿಡ್‌ನ ಮೂಲೆಗೆ ನಡೆದ. ಅಟ್ಟದ ಮೇಲೆ ಬಿದ್ದಿದ್ದ ಒಂದು ತೆಳು ಮರದ ಸೀಳನ್ನು ಎತ್ತಿಕೊಂಡು ಕೊಯ್ತದೊಳಗೆ ತೂರಿಸಿ, ಉಗುರಿನಿಂದ ಗುರುತು ಮಾಡಿ, ಹೊರಗೆಳೆದು ಬೆರಳುಗಳಿಂದ ಸವರಿದ. ಇದಕ್ಕೆ ಅವನಿಗೆ ಕಣ್ಣು ಬೇಕಿರಲಿಲ್ಲ.

"ಅಯ್ಯೋ ಪುಣ್ಯಾತ್ಮ, ಮೂಲೇಲಿ ಮರ ಬಿಟ್ಟಿದ್ದೀಯೋ, ಮನೆ ಕಟ್ಟೋಕೆ ಜಾಗ ಬಿಟ್ಟಿದ್ದೀಯೋ? ಇಷ್ಟು ಬಿಟ್ರೆ ಗೂಟದ ಮೇಲಲ್ಲ, ದಿಣ್ಣೆ ಹತ್ತಿ ಕೂರುತ್ತೆ." ಅವನು ಸೀಳಿನ ಮೇಲೆ ಇನ್ನೊಂದು ಗುರುತು ಮಾಡಿದ. "ಇಲ್ಲೀವರೆಗೆ ತೆಗೀಬೇಕು. ಪೂರ್ತಿ ತೆಗೆದ್ರೆ ಹಳ್ಳಕ್ಕೆ ಹೋಗುತ್ತೆ, ಹಾಸಿಗೆ ಅಲ್ಲೀವರೆಗಿಲ್ಲ. ನಡುವೆ ಬೇಕು. ಬೆಂತೊ, ಕೆಳಗಿಳಿದು ನಿನ್ನ ಜನಾನ ಓಡಿಸು. ಡಾಕ್ಟ್ರೇ, ನೀನೂ."

ನಾನು ಇಳಿದೆ. ಅವರು ಹರಿತವಾದ ಗರಗಸ ಹಾಕಿ ಆ ಒಂದು ಮೂಲೆಯನ್ನು ಮಾತ್ರ ಕೊಯ್ದರು. ಮಧ್ಯೆ ಎರಡು ಸಲ ಲಿಯಾಂಡರ್ ನಿಲ್ಲಿಸಿ ಸೀಳು ತೂರಿಸಿ ನೋಡಿದ. ಆಮೇಲೆ ಬೆಣೆ ಹೊಡೆಯುವ ಸದ್ದು. ಆಮೇಲೆ ಲಿಯಾಂಡರ್‌ನ ಕೂಗು, ಕಣಿವೆಯ ಆಚೆ ದಡಕ್ಕೂ ಕೇಳುವಂಥದ್ದು. ಇಬ್ಬರೂ ಅಟ್ಟದಿಂದ ಇಳಿದು ಹಿಂದಕ್ಕೆ ಓಡಿದರು.

ಮರ ಹೊರಟಾಗ ಮೊದಲು ಗೊತ್ತೇ ಆಗುವುದಿಲ್ಲ. ಆಕಾಶದ ಒಂದು ತುಂಡು ಅಗಲವಾಗುತ್ತದೆ, ಅಷ್ಟೇ. ಆಮೇಲೆ ಗಾಳಿ ಬರುತ್ತದೆ. ನೆಲ ಒಮ್ಮೆ ಎದ್ದು ಕೂತ ಹಾಗಾಯಿತು. ಸೊಪ್ಪು, ದೂಳು, ತೊಗಟೆ ಎಷ್ಟೋ ಹೊತ್ತು ಮೇಲಿನಿಂದ ಸುರಿಯುತ್ತಲೇ ಇದ್ದವು.

ಬೆಂತೊ ಎಲ್ಲರಿಗಿಂತ ಮೊದಲು ಓಡಿದ. ಮರದ ಮೇಲೆ ಹತ್ತಿ ಉದ್ದಕ್ಕೂ ನಡೆಯುತ್ತ ಹೋಗಿ, ತುದಿಯಲ್ಲಿ ನಿಂತು ಎರಡೂ ಕೈ ಎತ್ತಿದ. ತಲೆಭಾಗ ಮುರಿದಿತ್ತು, ಅದು ಯಾವಾಗಲೂ ಮುರಿಯುವುದೇ. ಬಂಡೆಯ ಅಂಚು ತಾಗಿದ ಕಡೆ ತೊಗಟೆ ಕಿತ್ತು ಒಂದು ಕೈಯುದ್ದದ ಬಿರುಕು ಬಿಟ್ಟಿತ್ತು. ಉಳಿದದ್ದು ಇಡಿಯಾಗಿತ್ತು.

ಸದ್ದು ಕೇಳಿ ಹ್ಯಾಸ್ಕೆಲ್ ಬಂದ. ಈ ಸಲ ಕುದುರೆಯಿಂದ ಇಳಿದ. ಗೂಟ ಎಲ್ಲಿದೆ, ಮರ ಎಲ್ಲಿದೆ ಎರಡನ್ನೂ ನೋಡಿದ. ಅವೆರಡೂ ಒಂದೇ ಕಡೆ ಇರಲಿಲ್ಲ. ಬಿರುಕಿನ ಹತ್ತಿರ ಬಗ್ಗಿ ಬಂಡೆಯ ಮೇಲಿನ ಸೊಪ್ಪನ್ನು ಬೂಟಿನಿಂದ ಸರಿಸಿ ಒಮ್ಮೆ ಬೆಂತೊನ ಮುಖ ನೋಡಿದ. ಬೆಂತೊ ದೂರದ ಬೆಟ್ಟವನ್ನು ನೋಡುತ್ತಿದ್ದ.

"ಯಾರ ಕೋಲು?" ಎಂದು ಕೇಳಿದ ಹ್ಯಾಸ್ಕೆಲ್. ಮರ ಬಿದ್ದಮೇಲೆ ಮೇಲ್ವಿಚಾರಕ ಕೇಳುವ ಪ್ರಶ್ನೆಯೇ ಅದು.

ಅರ್ವಿಡ್ ಬಾಯಿ ತೆರೆದ. ಅವನು "ಯಜಮಾನ್ರದು" ಎಂದೇ ಹೇಳುತ್ತಿದ್ದ. ಹಾಗೆ ಹೇಳಿದ್ದರೆ ಆ ದಿನ ಅಲ್ಲಿಗೇ ಮುಗಿಯುತ್ತಿತ್ತು. ಮರ ಒಡೆದಿರಲಿಲ್ಲವಲ್ಲ. ಲಿಯಾಂಡರ್ ಅವನಿಗಿಂತ ಮುಂಚೆ ಮಾತಾಡಿದ:

"ಬಾಯಿ ನಂದು. ಕೋಲು ಇವನದು."

"ಯಾವತ್ತಿಂದ?"

"ಇವತ್ತು ಮಧ್ಯಾಹ್ನದಿಂದ."

ಹ್ಯಾಸ್ಕೆಲ್ ಎರಡು ಹೆಜ್ಜೆ ಮುಂದೆ ಬಂದ. ಲಿಯಾಂಡರ್‌ನ ಬಲಗಣ್ಣನ್ನು ಅವನು ಆಗಲೇ ಮೊದಲ ಸಲ ಹತ್ತಿರದಿಂದ ನೋಡಿದನೆಂದು ಕಾಣುತ್ತದೆ. "ಹಾಗಾದ್ರೆ ನೀನೇನು ಮಾಡ್ತೀಯ?"

"ಗರಗಸಕ್ಕೆ ಎರಡು ತುದಿ ಇದೆಯಲ್ಲ," ಅಂದ ಲಿಯಾಂಡರ್. "ಇನ್ನೊಂದು ತುದಿ ಖಾಲಿ ಇದ್ರೆ ನಂಗೆ ಕೊಡು. ಇಲ್ಲಾಂದ್ರೆ ಹೇಳ್ಬಿಡು, ನಾಳೆ ಬೆಳಿಗ್ಗೆ ರೈಲಿದೆ."

ಅವನ ದನಿ ಗಟ್ಟಿಯಾಗಿಯೇ ಇತ್ತು. ಆದರೆ ಕೈ ಸೊಂಟದ ಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು.

"ಯಾರ ಕೋಲಾದ್ರೂ ಇರ್ಲಿ," ಎನ್ನುತ್ತ ಹ್ಯಾಸ್ಕೆಲ್ ಕುದುರೆ ಹತ್ತಿದ. "ನಂಗೆ ಮರ ಇಡಿಯಾಗಿ ಬೇಕು. ತುದಿಗಳನ್ನ ನೀವು ನೀವೇ ಹಂಚ್ಕೊಳ್ಳಿ."

ಮಾರನೆಯ ಬೆಳಿಗ್ಗೆ ಅಡುಗೆಮನೆಯಲ್ಲಿ ಒಂದು ಗೊಂದಲವಾಯಿತು. ನಮ್ಮಲ್ಲಿ ಪ್ರತಿಯೊಬ್ಬನಿಗೂ ಅವನವನ ಜಾಗ. ಹಿರಿಯಾಳುಗಳದು ಒಲೆಯ ಹತ್ತಿರದ ಮೊದಲ ಬೆಂಚು. ಊಟದ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಲಿಯಾಂಡರ್ ಒಳಗೆ ಬಂದವನೇ ಅರ್ವಿಡ್‌ನ ಜಾಗದಲ್ಲಿ ಕೂತು ಬೀನ್ಸು ಬಡಿಸಿಕೊಂಡ. ಅರ್ವಿಡ್ ತಟ್ಟೆ ಹಿಡಿದು ನಿಂತೇ ಇದ್ದ. ಮೊದಲ ಬೆಂಚಿಗೆ ಹೋಗುವ ಧೈರ್ಯ ಅವನಿಗಿರಲಿಲ್ಲ.

"ಕೂತ್ಕೋ, ಇಲ್ಲಾ ಆಚೆ ಹೋಗು, ನನ್ನ ದಾರೀಲಿ ಕಂಬ ಆಗ್ಬೇಡ!" ಎಂದು ಅಡುಗೆಯವನು ಗದರಿದ.

ಲಿಯಾಂಡರ್ ತಲೆಯೆತ್ತದೆ ಚಮಚದಿಂದ ಮೊದಲ ಬೆಂಚನ್ನು ತೋರಿಸಿದ. ಅರ್ವಿಡ್ ಹೋಗಿ ಕೂತ. ಆ ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಲಿಯಾಂಡರ್ ಕೂಡ ತಿಂದದ್ದು ಅಷ್ಟಕ್ಕಷ್ಟೆ. ಅವನಿಗೆ ಏನನ್ನಿಸುತ್ತಿತ್ತೋ ನಾನು ಹೇಳಲಾರೆ. ಊಹಿಸಿ ಬರೆದರೆ ತಪ್ಪಾದೀತು.

ಮುಂದಿನ ಮರಕ್ಕೆ ಬಾಯಿ ಕೊರೆದ ದಿನ ನಾನು ಬೇಕೆಂದೇ ಒಂದು ನೆಪ ಮಾಡಿಕೊಂಡು ಹೋದೆ. ಅರ್ವಿಡ್ ಕೋಲನ್ನು ಮೂಲೆಗಳಿಗೆ ಒತ್ತಿ ಬಗ್ಗಿದ್ದ. ಲಿಯಾಂಡರ್ ಅವನ ಹಿಂದೆಯೇ ನಿಂತಿದ್ದ. ತಿರುಗಿಕೊಂಡಿರಲಿಲ್ಲ, ನಶ್ಯವನ್ನೂ ತೆಗೆದಿರಲಿಲ್ಲ.

"ಸ್ವಲ್ಪ ದಿಣ್ಣೆ ಕಡೆಗಿದೆ ಅನ್ಸುತ್ತೆ," ಅಂದ ಅರ್ವಿಡ್ ಮೆಲ್ಲಗೆ.

"ಯಾರಿಗೆ ಹೇಳ್ತಿದ್ದೀಯ? ತೊಗಟೆಗಾ? ಕೂಗಿ ಹೇಳು."

"ಯಜಮಾನ್ರೇ, ಕೋಲು ನೋಡಿ ಕೂಗೋ ಪದ್ಧತಿ ಎಲ್ಲಿದೆ?"

"ಬಾಯಿ ಮುಚ್ಕೊಂಡಿರೋ ಪದ್ಧತಿ ಏನು ಮಾಡ್ತು ಅಂತ ನೋಡಿದ್ಯಲ್ಲ. ಕೂಗು."

ಅರ್ವಿಡ್‌ನ ಕುತ್ತಿಗೆ ಕೆಂಪಾಯಿತು. ಆದರೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದ: "ಬೆಂತೊ! ಗೂಟದಿಂದ ದಿಣ್ಣೆ ಕಡೆಗೆ ಒಂದು ಮೊಳ!"

ಹಾಸಿಗೆಯ ಮೇಲೆ ಸೊಪ್ಪು ಎಳೆಯುತ್ತಿದ್ದ ಬೆಂತೊ ಎದ್ದು ನಿಂತ. ಆಚೀಚೆ ಕೆಲಸ ಮಾಡುತ್ತಿದ್ದವರೂ ನಿಂತು ನೋಡಿದರು.

"ನಾನು ಹಾಸಿಗೆ ಸರಿಸ್ಬೇಕಾ, ಇಲ್ಲಾ ನೀವು ಬಾಯಿ ತಿದ್ತೀರಾ?" ಎಂದು ಅಲ್ಲಿಂದ ಕೂಗಿದ. "ಇಬ್ರೂ ಮಾಡೋದು ಬೇಡ ಮತ್ತೆ!"

ಲಿಯಾಂಡರ್ ಕೊಡಲಿ ತೆಗೆದುಕೊಂಡು ಹಳ್ಳದ ಕಡೆಯ ಮೂಲೆಗೆ ಹೋದ.

"ಬಾಯಿ ನಾವು ತಿದ್ತೀವಿ," ಎಂದು ಕೂಗಿ ಹೇಳಿ, ಕೆತ್ತಲು ಶುರುಮಾಡಿದ.